ಬ್ಲೇಡು ಎಡಕ್ಕೆ ಎಳೆದ ಬೇಸಿಗೆ

ಕಳೆದ ತಿಂಗಳು ತೋಡಾರಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ರಸ್ತೆಯ ಆಚೆ ಒಂದು ಮರದ ಮಿಲ್ಲು. ಎರಡು ಚಕ್ರಗಳ ಮೇಲೆ ಪಟ್ಟಿಯಂತೆ ಬ್ಲೇಡು ಸುತ್ತುವ ಬ್ಯಾಂಡ್‌ಸಾ ಓಡುತ್ತಿತ್ತು. ಉಳಿದವರಿಗೆ ಆ ಸದ್ದು ಬರೀ ಗಲಾಟೆ. ವರ್ಷಗಟ್ಟಲೆ ಅರ ಹಿಡಿದು ಅದರ ಬ್ಲೇಡಿನ ಹಲ್ಲು ತಿಕ್ಕಿದ ನನ್ನಂಥವನಿಗೆ ಅದು ಮಾತು. ಹಸಿ ಹಲಸಿನ ಹುಡಿಯ ವಾಸನೆ ಗಾಳಿಯಲ್ಲಿ ಬಂತು. ಮೂಗು ಅದನ್ನು ಗುರುತು ಹಿಡಿಯುವಷ್ಟರಲ್ಲಿ ಕಿವಿ ಇನ್ನೊಂದನ್ನು ಹಿಡಿಯಿತು. ಆ ಗಲಾಟೆಯ ಒಳಗೆ ಸಣ್ಣದಾಗಿ ಟಿಕ್, ಟಿಕ್, ಟಿಕ್. ಬ್ಲೇಡು ಒಂದು ಸುತ್ತು ಬಂದಾಗಲೆಲ್ಲ ಒಂದು ಟಿಕ್.

ನಾನು ರಸ್ತೆ ದಾಟಿ ಓಡಿದ್ದು ನನಗೆ ನೆನಪಿಲ್ಲ. ಮಿಲ್ಲಿನೊಳಗೆ ನುಗ್ಗಿ ‘ಬಂದ್ ಮಾಡಿ! ಬಂದ್ ಮಾಡಿ!’ ಎಂದು ಕಿರುಚಿದ್ದು ಮಾತ್ರ ನೆನಪಿದೆ. ಅವರು ಹುಚ್ಚನನ್ನು ನೋಡುವಂತೆ ನೋಡಿದರೂ ಪುಣ್ಯಕ್ಕೆ ಸ್ವಿಚ್ಚು ಒತ್ತಿದರು. ಬ್ಲೇಡು ನಿಂತ ಮೇಲೆ ಒಂದೊಂದೇ ಹಲ್ಲು ನೋಡುತ್ತ ಹೋದೆವು. ಒಂದು ಹಲ್ಲಿನ ಬುಡದಲ್ಲಿ ಉಗುರಿನಷ್ಟು ಬಿರುಕು. ಇನ್ನೊಂದು ದಿಮ್ಮಿ ಕೊಯ್ಯುವುದರೊಳಗೆ ಅದು ತುಂಡಾಗುತ್ತಿತ್ತು. ಮಿಲ್ಲಿನವರು ಕೂರಿಸಿ ಚಹಾ ಕೊಟ್ಟರು, ‘ನಿಮಗೆ ಹೊರಗಿಂದ ಹೇಗೆ ಗೊತ್ತಾಯ್ತು ಅಣ್ಣ?’ ಎಂದು ಕೇಳಿದರು. ಗ್ಲಾಸನ್ನು ಅರ್ಧಕ್ಕೇ ಕೆಳಗಿಟ್ಟೆ. ಏನೋ ಒಂದು ಹಾರಿಕೆಯ ಉತ್ತರ ಕೊಟ್ಟು ಎದ್ದು ಬಂದೆ.

ನನಗೆ ಹೇಗೆ ಗೊತ್ತಾಯಿತು ಎಂದರೆ, ಒಮ್ಮೆ ಗೊತ್ತಾಗಬೇಕಾದಲ್ಲಿ ಗೊತ್ತಾಗದ ಹಾಗೆ ನಟಿಸಿದವನು ನಾನು.

ಗುರುವಾಯನಕೆರೆಯ ಹತ್ತಿರದ ಒಂದು ಮಿಲ್ಲಿನಲ್ಲಿ ಆಗ ನಾನು ಬ್ಲೇಡಿನವ. ವಯಸ್ಸು ಮೂವತ್ತೈದರ ಆಚೀಚೆ, ಕೆಲಸದಲ್ಲಿ ಪಳಗಿದ ಕೈ, ಅದಕ್ಕೆ ತಕ್ಕ ಕೊಬ್ಬು. ದಿಮ್ಮಿ ಕೊಯ್ಯುವ ಮೇಸ್ತ್ರಿ ಬೇರೆ. ಬ್ಲೇಡಿಗೆ ಹಲ್ಲು ಮಾಡಿ, ಅವನ್ನು ಎಡಕ್ಕೊಂದು ಬಲಕ್ಕೊಂದು ಬಗ್ಗಿಸಿ, ಚಕ್ರಕ್ಕೇರಿಸಿ, ಬಿಗಿ ಕೊಟ್ಟು ಒಪ್ಪಿಸುವವ ಬೇರೆ. ಕೊಯ್ತ ನೇರ ಬಂದರೆ ಮೇಸ್ತ್ರಿಗೆ ಹೊಗಳಿಕೆ, ಸೊಟ್ಟ ಬಂದರೆ ಬ್ಲೇಡಿನವನಿಗೆ ಬೈಗುಳ. ಈ ನ್ಯಾಯಕ್ಕೆ ನನ್ನ ತಕರಾರು ಎಂದೂ ಇರಲಿಲ್ಲ, ಯಾಕೆಂದರೆ ಅದು ಸರಿ. ಬ್ಲೇಡು ತಾನಾಗಿ ನೇರ ಹೋಗುವ ವಸ್ತುವಲ್ಲ. ಎರಡು ಬದಿಯ ಹಲ್ಲುಗಳೂ ಸಮನಾಗಿ ಕಚ್ಚಿದರೆ ಮಾತ್ರ ಅದು ನೇರ ಹೋಗುತ್ತದೆ. ಹಗ್ಗ ಜಗ್ಗುವಾಗ ಒಂದು ಬದಿ ಸೋತರೆ ಹಗ್ಗ ಇನ್ನೊಂದು ಬದಿಗೆ ಹೋಗುವುದಿಲ್ಲವೇ, ಹಾಗೆಯೇ ಬಲದ ಹಲ್ಲು ಮೊಂಡಾದರೆ ಬ್ಲೇಡು ಎಡಕ್ಕೆ ಎಳೆಯುತ್ತದೆ. ನೋಡುವವನಿಗೆ ಏನೂ ಕಾಣುವುದಿಲ್ಲ. ಹಲಗೆ ಹೊರಗೆ ಬಂದಾಗ ಒಂದು ತುದಿ ಎರಡು ಅಂಗುಲ ದಪ್ಪ, ಹೊಟ್ಟೆಯಲ್ಲಿ ಒಂದೂವರೆ.

ಮೇಸ್ತ್ರಿ ಮೋನಬ್ಬ ಕಾಕ. ಅರವತ್ತು ದಾಟಿದ ಬ್ಯಾರಿ, ಮೂಲ ವಿಟ್ಲದ ಕಡೆ. ಮೂವತ್ತು ವರ್ಷ ಬ್ಲೇಡಿನ ಎದುರು ನಿಂತೂ ಹತ್ತು ಬೆರಳು ಉಳಿಸಿಕೊಂಡವರು. ನಮ್ಮ ಕಸುಬಿನಲ್ಲಿ ಅದೇ ದೊಡ್ಡ ಪದವಿ. ಪ್ರತಿದಿನ ಸಂಜೆ ಯಂತ್ರ ನಿಂತ ಮೇಲೆ ಎರಡೂ ಕೈ ನನ್ನ ಎದುರು ಚಾಚುತ್ತಿದ್ದರು.

‘ನೋಡು ಸದಾಶಿವ, ಹತ್ತು ಉಂಟಲ್ಲ?’

‘ಉಂಟು ಕಾಕ.’

‘ಹಾಗಾದ್ರೆ ಹೋಗುವ.’

ಬೆಳಿಗ್ಗೆಯದು ಇನ್ನೊಂದು ಕ್ರಮ. ನಾನು ಬ್ಲೇಡು ಏರಿಸಿ ಬಿಗಿ ಮಾಡಿದ ಮೇಲೆ ಕಾಕ ಯಂತ್ರದ ಎದುರು ನಿಂತು ನನ್ನ ಮುಖ ನೋಡಿ ‘ಆಯ್ತಾ?’ ಎನ್ನುತ್ತಿದ್ದರು. ನಾನು ‘ಆಯ್ತು’ ಎಂದರೆ ಸ್ವಿಚ್ಚು. ಅವರು ಬ್ಲೇಡನ್ನು ಮುಟ್ಟಿ ನೋಡುತ್ತಿರಲಿಲ್ಲ, ಹಲ್ಲು ಎಣಿಸುತ್ತಿರಲಿಲ್ಲ. ಬ್ಲೇಡಿನ ವಿಷಯದಲ್ಲಿ ಬ್ಲೇಡಿನವನ ಮಾತೇ ಕೊನೆ ಎಂಬುದು ಆ ಮಿಲ್ಲಿನಲ್ಲಿ ನಮಗಿಂತ ಮೊದಲೇ ನಡೆದುಬಂದ ಕಟ್ಟುಪಾಡು. ಆ ಬೇಸಿಗೆಯವರೆಗಿನ ಎಂಟು ವರ್ಷದಲ್ಲಿ ಒಂದು ದಿನವೂ ಅವರು ಆ ಪ್ರಶ್ನೆ ತಪ್ಪಿಸಿದ್ದಿಲ್ಲ, ಒಂದು ದಿನವೂ ಎರಡನೇ ಸಲ ಕೇಳಿದ್ದೂ ಇಲ್ಲ.

ಆ ವರ್ಷದ ಬೇಸಿಗೆ ಕೆಟ್ಟದಾಗಿತ್ತು. ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆಗೆ ಮೊದಲು ಮನೆಯ ಮಾಡು ಹೊದಿಸುವ ಕೆಲಸ ಮುಗಿಸಬೇಕೆಂದು ಎಲ್ಲರಿಗೂ ಅವಸರ. ಮಾಡಿಗೆ ಪಕ್ಕಾಸು, ರೀಪು, ಬಾಗಿಲಿಗೆ ದಾರಂದ ಎಂದು ಜನ ಬೆಳಿಗ್ಗೆಯೇ ಬಂದು ಕೂರುತ್ತಿದ್ದರು. ದಿನವೂ ಮಧ್ಯಾಹ್ನದ ಮೇಲೆ ಘಟ್ಟದ ಕಡೆ ಮೋಡ ಕಪ್ಪಾಗಿ ನಿಲ್ಲುತ್ತಿತ್ತು, ಗುಡುಗುತ್ತಿತ್ತು, ಒಂದು ಹನಿ ಬೀಳುತ್ತಿರಲಿಲ್ಲ. ಸೆಕೆಗೆ ಮರದ ಹುಡಿ ಮೈಗೆ ಅಂಟಿ ತುರಿಸುತ್ತಿತ್ತು. ಗುಡುಗಿದ ತಕ್ಷಣ ಕರೆಂಟು ಹೋಗುತ್ತಿತ್ತು. ಅರ್ಧ ಕೊಯ್ದ ದಿಮ್ಮಿಯೊಳಗೆ ಬ್ಲೇಡು ಸಿಕ್ಕಿಕೊಂಡು ನಿಂತರೆ ಅದನ್ನು ಬಿಡಿಸುವಷ್ಟರಲ್ಲಿ ಎಲ್ಲರ ತಲೆ ಕೆಟ್ಟಿರುತ್ತಿತ್ತು. ಈ ಗಡಿಬಿಡಿಯಲ್ಲಿ ನಾನು ಎರಡು ಸಲ ಹಲ್ಲು ಸರಿಯಾಗಿ ತಿಕ್ಕದೆ ಬ್ಲೇಡು ಏರಿಸಿದ್ದೆ. ಬಂಟ್ವಾಳದ ಒಬ್ಬರ ಪಕ್ಕಾಸು ಅಲೆಅಲೆಯಾಗಿ ಬಂದು ಅವರು ಲೋಡು ಸಮೇತ ವಾಪಸು ತಂದು ಸುರಿದರು. ಮಿಲ್ಲಿನ ಧಣಿ ಶೆಟ್ರು ಗಲ್ಫಿನಲ್ಲಿ ದುಡಿದು ಬಂದವರು, ಕೂಗಾಡುವ ಮನುಷ್ಯ ಅಲ್ಲ. ‘ಸದಾಶಿವ, ಇನ್ನೊಮ್ಮೆ ವಾಲಿದರೆ ನಾನು ಮಂಗಳೂರಿನಿಂದ ಬೇರೆ ಜನ ತರಿಸ್ತೇನೆ’ ಎಂದು ಮೆಲ್ಲಗೆ ಹೇಳಿದರು. ಎಲ್ಲರ ಎದುರು ಹೇಳಿದರು. ಅದು ನನಗೆ ಎಲ್ಲಿಗೆ ಚುಚ್ಚಬೇಕೋ ಅಲ್ಲಿಗೇ ಚುಚ್ಚಿತು.

ಅದೇ ವಾರ ಬೆಳ್ತಂಗಡಿ ಕಡೆಯಿಂದ ಕೃಷ್ಣಪ್ಪಣ್ಣನ ಹಲಸಿನ ದಿಮ್ಮಿ ಬಂತು. ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದ ಮರ. ಹೊಸ ಮನೆಯ ಹೆಬ್ಬಾಗಿಲಿನ ಎರಡು ಕದಗಳಿಗೆ ಆ ಒಂದೇ ದಿಮ್ಮಿಯ ತಿರುಳಿನಿಂದ ಅಗಲದ ಹಲಗೆ ಬೇಕು, ತುಂಡು ಹಲಗೆ ಜೋಡಿಸಿದ ಬಾಗಿಲು ಬೇಡ ಎಂದು ಅವರ ಹಟ. ಶೆಟ್ರು ಪ್ರತಿಯೊಂದು ಮರಕ್ಕೂ ಕೇಳುವ ಪ್ರಶ್ನೆ ಅವರಿಗೂ ಕೇಳಿದರು, ‘ಕಬ್ಬಿಣ ಉಂಟಾ?’ ದನ ಕಟ್ಟುವ ಬಳೆ, ಬೇಲಿಯ ತಂತಿ, ಬಟ್ಟೆ ಒಣಗಿಸುವ ಹಗ್ಗದ ಕೊಕ್ಕೆ, ಮನೆಯಂಗಳದ ಮರದಲ್ಲಿ ಏನೂ ಇರಬಹುದು.

‘ಏನೂ ಇಲ್ಲ ಶೆಟ್ರೇ. ಪ್ರಶ್ನೆ ಇಟ್ಟು, ಹೇಳಿದ ಕ್ರಮ ಎಲ್ಲ ಮಾಡಿಸಿಯೇ ಕಡಿಸಿದ್ದು’ ಎಂದರು ಕೃಷ್ಣಪ್ಪಣ್ಣ. ಒಂದು ಹಲಸಿನ ಮರ ಕಡಿಯಲಿಕ್ಕೆ ಜ್ಯೋತಿಷಿಯ ಪ್ರಶ್ನೆ ಯಾಕೆ, ಕ್ರಮ ಯಾಕೆ ಎಂದು ಯಾರೂ ಕೇಳಲಿಲ್ಲ.

ದಿಮ್ಮಿಯ ಟ್ರಾಲಿ ದೂಡುವ ಬಾಬುವಿಗೆ ಮಾತ್ರ ಗೊತ್ತಿತ್ತು. ಬಾಬುವಿನ ಹೆಂಡತಿಯ ಮನೆ ಅದೇ ಊರು. ಅವನು ಬ್ಲೇಡು ತಿಕ್ಕುವ ನನ್ನ ಕೊಟ್ಟಿಗೆಗೆ ಬಂದು, ಅರ ತಿಕ್ಕುತ್ತಿದ್ದ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದ, ‘ಸದಾಣ್ಣ, ಆ ಮರ ಆಗ್ಲಿಕ್ಕಿಲ್ಲ. ಅದರಲ್ಲಿ ಒಬ್ಬಳನ್ನು ನಿಲ್ಲಿಸಿದ್ದಾರಂತೆ. ಅಜ್ಜನ ಕಾಲದಲ್ಲಿ. ಬಾವಿಗೆ ಹಾರಿ ಸತ್ತವಳು. ಉಪದ್ರ ಕೊಡ್ತಿದ್ದಳಂತೆ, ಮಂತ್ರವಾದಿಯನ್ನು ಕರೆಸಿ ಮರಕ್ಕೆ ನಿಲ್ಲಿಸಿದ್ದು.’

‘ಹಾಗಾದ್ರೆ ಅವಳಿಗೂ ಒಂದು ಹಾಜರಿ ಹಾಕುವ. ಟ್ರಾಲಿ ದೂಡ್ಲಿಕ್ಕೆ ಜನ ಕಮ್ಮಿ ಉಂಟು’ ಎಂದೆ.

ಬಾಬು ನಗಲಿಲ್ಲ. ನಾನು ನಕ್ಕೆ. ಇಂಥ ಮಾತಿಗೆ ನಗುವುದು ನನಗೆ ಆಗ ಒಂದು ಹೆಮ್ಮೆ. ಊರಿನ ಭೂತ ಪ್ರೇತ ಎಲ್ಲ ಓದದವರ ಗುಲ್ಲು, ನಾನು ಕಬ್ಬಿಣ ಬಲ್ಲವನು, ಲೆಕ್ಕ ಬಲ್ಲವನು ಎಂಬ ಧಿಮಾಕು. ಆ ದಿನ ನಾನು ಅವನಿಗೆ ಒಂದೇ ಒಂದು ಪ್ರಶ್ನೆ ಕೇಳಬಹುದಿತ್ತು. ಮಂತ್ರವಾದಿ ಅವಳನ್ನು ಮರಕ್ಕೆ ನಿಲ್ಲಿಸಿದ್ದು ಯಾವುದರಿಂದ? ನಮ್ಮೂರಿನಲ್ಲಿ ಹುಟ್ಟಿದ ಯಾರಿಗಾದರೂ ಅದರ ಉತ್ತರ ಗೊತ್ತು. ನನಗೂ ಗೊತ್ತಿತ್ತು. ನಗುವ ಭರದಲ್ಲಿ ಅದು ನೆನಪಿಗೆ ಬರಲಿಲ್ಲ.

ಮಧ್ಯಾಹ್ನ ಮೊದಲ ಕೊಯ್ತಕ್ಕೆ ಹೊರಸಿಪ್ಪೆ ಹೋಯಿತು. ಎರಡನೇ ಕೊಯ್ತ ಅರ್ಧಕ್ಕೆ ಬರುವಾಗ ಕಾಕ ಕೈ ಎತ್ತಿ ಟ್ರಾಲಿ ನಿಲ್ಲಿಸಿದರು. ಬ್ಲೇಡು ಗೆರೆ ಬಿಟ್ಟು ಎಡಕ್ಕೆ ಎಳೆದಿತ್ತು. ಬ್ಲೇಡು ಇಳಿಸಿ ನೋಡಿದೆ. ಬಲದ ಹಲ್ಲುಗಳ ತುದಿ ಮಿರಿಮಿರಿ ಮಿಂಚುತ್ತಿತ್ತು, ಅಂದರೆ ಮೊಂಡು. ಬೆಳಿಗ್ಗೆಯಷ್ಟೇ ತಿಕ್ಕಿದ ಹಲ್ಲು. ಮತ್ತೆ ತಿಕ್ಕಿ, ಬಗ್ಗಿಸಿ, ಬ್ಲೇಡನ್ನು ಹಿಡಿದು ನಿಲ್ಲಿಸುವ ಗೈಡುಗಳನ್ನು ಹತ್ತಿರ ತಂದು ಏರಿಸಿದೆ. ಆ ಕೊಯ್ತವನ್ನು ಹೇಗೋ ದಾಟಿಸಿದೆವು. ಹಲಗೆ ಹೊಟ್ಟೆಯಲ್ಲಿ ತೆಳು. ಬಾಗಿಲಿಗೆ ಬಾರದು, ಬೆಂಚಿಗೆ ಬಂದರೆ ಬಂತು. ಇನ್ನು ಉಳಿದ ತಿರುಳಿನಲ್ಲಿ ಎರಡೇ ಎರಡು ಬಾಗಿಲಿನ ಹಲಗೆ ಹೊರಡಬೇಕು, ಒಂದು ತಪ್ಪಿದರೂ ಮುಗಿಯಿತು.

ಬಾಬು ಎಲ್ಲಿಂದಲೋ ಒಂದು ಲಿಂಬೆಹುಳಿ ತಂದು ಚಕ್ರದ ಪೆಟ್ಟಿಗೆಯ ಮೇಲಿಟ್ಟ. ನನಗೆ ರೇಗಿ ಅದನ್ನು ತೆಗೆದು ಹುಡಿಯ ರಾಶಿಗೆ ಎಸೆದೆ. ಮೋನಬ್ಬ ಕಾಕ ಹೋಗಿ ಹೆಕ್ಕಿಕೊಂಡು ಬಂದು ಲುಂಗಿಗೆ ಒರಸಿ ವಾಪಸು ಅಲ್ಲಿಯೇ ಇಟ್ಟರು.

‘ಇರ್ಲಿ ಮಾರಾಯ. ಅವನಿಗೆ ಧೈರ್ಯ ಬರ್ತದಾದ್ರೆ ಬರ್ಲಿ. ಸಂಜೆ ನಾನು ಶರಬತ್ತು ಮಾಡ್ತೇನೆ.’

ಸಂಜೆ ಗುಡುಗಿ ಕರೆಂಟು ಹೋಯಿತು. ಎಲ್ಲರೂ ಮುಖ ತೊಳೆಯಲು ಹೋದರು. ನಾನು ಒಬ್ಬನೇ ದಿಮ್ಮಿಯ ಹತ್ತಿರ ಹೋದೆ. ನನ್ನ ಹಲ್ಲನ್ನು ಮೊಂಡು ಮಾಡಿದ್ದು ಯಾವುದು ಎಂದು ನೋಡಬೇಕಿತ್ತು. ಮೊದಲು ತೆಗೆದ ಸಿಪ್ಪೆಯ ಒಳಮೈಯಲ್ಲಿ, ಹಳದಿ ಮರದ ನಡುವೆ, ಎರಡು ಬೆರಳಿನಷ್ಟು ಉದ್ದದ ಒಂದು ಕಲೆ. ನೀಲಿ ತಿರುಗಿದ ಕಪ್ಪು. ಎಂಜಲು ಹಚ್ಚಿ ಹೆಬ್ಬೆರಳಿನಿಂದ ತಿಕ್ಕಿದೆ. ಹೋಗಲಿಲ್ಲ. ಮರದೊಳಗೆ ಕಬ್ಬಿಣ ಇದ್ದಲ್ಲಿ ಅದರ ಸುತ್ತ ಮರ ಹಾಗೆ ಕಪ್ಪಾಗುತ್ತದೆ. ಇದು ಗೊತ್ತಿಲ್ಲದ ಬ್ಲೇಡಿನವ ಇಲ್ಲ.

ನನಗೆ ಗೊತ್ತಾಯಿತು. ಇದನ್ನು ಬೇರೆ ಯಾವ ರೀತಿಯಲ್ಲೂ ನಾನು ಈಗ ಹೇಳಲಾರೆ. ನೋಡಿದ ಆ ಕ್ಷಣಕ್ಕೆ ಗೊತ್ತಾಯಿತು, ಮರುಕ್ಷಣಕ್ಕೆ ಅದನ್ನು ಕೊಳೆ ಎಂದು ಕರೆದೆ. ಕೊಳೆ ಹಿಡಿದರೂ ಕೆಲವೊಮ್ಮೆ ಕಪ್ಪಾಗುವುದುಂಟು ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಕಬ್ಬಿಣ ಎಂದರೆ ದಿಮ್ಮಿಯನ್ನು ಬದಿಗೆ ತಳ್ಳಬೇಕು, ಬಾಚಿ ಹಿಡಿದು ಹುಡುಕಿ ಅಗೆಯಬೇಕು, ಬಾಗಿಲಿನ ಹಲಗೆ ಹೊರಡಲಿಕ್ಕಿಲ್ಲ. ಅದಾದರೂ ಹೋಗಲಿ. ‘ಬ್ಲೇಡು ಬರಲಿಲ್ಲ, ಮರಕ್ಕೆ ದೋಷ ಹೇಳಿದ’ ಎಂದು ಶೆಟ್ರು ಅಂದುಕೊಂಡಾರು. ಬಾಬು ‘ನಾನು ಹೇಳಲಿಲ್ಲವಾ’ ಎಂದಾನು. ಎಂಟು ವರ್ಷ ದುಡಿದ ಮಿಲ್ಲಿನಲ್ಲಿ ಒಬ್ಬಳು ಸತ್ತ ಹೆಂಗಸಿನ ಎದುರು ಸೋತ ಹಾಗೆ ಆಗುತ್ತಿತ್ತು. ಆ ಸಿಪ್ಪೆಯನ್ನು ಅಡಿಮೇಲು ಮಾಡಿ ಹಾಕಿ ಕೊಟ್ಟಿಗೆಗೆ ಬಂದೆ. ಬರುವಾಗ ಕಾಕ ತೊಟ್ಟಿಯ ಹತ್ತಿರ ಮುಖ ಒರಸುತ್ತ ನಿಂತಿದ್ದರು.

‘ಏನಾದ್ರೂ ಕಂಡಿತಾ?’

‘ಏನಿಲ್ಲ ಕಾಕ. ನಾಳೆ ಹೊಸ ಬ್ಲೇಡು ಹಾಕ್ತೇನೆ. ನೂಲು ಹಿಡಿದ ಹಾಗೆ ನೇರ ಕೊಯ್ದು ತೋರಿಸುವ.’

ಅವರು ಎರಡೂ ಕೈ ಚಾಚಿದರು. ಹತ್ತು ಉಂಟು ಎಂದೆ.

ಮರುದಿನ ಬೆಳಿಗ್ಗೆ ಹೊಸ ಬ್ಲೇಡು ಏರಿಸಿದೆ. ಬಿಗಿ ಹೆಚ್ಚಾದಷ್ಟು ಬ್ಲೇಡು ಅಲ್ಲಾಡುವುದು ಕಮ್ಮಿ, ಕೊಯ್ತ ನೇರ. ಆದರೆ ಅದಕ್ಕೂ ಒಂದು ಮಿತಿ ಉಂಟು, ಮಿತಿ ಮೀರಿದರೆ ಬ್ಲೇಡಿನ ಎರಡು ತುದಿ ಕೂಡಿಸಿದ ಬೆಸುಗೆಯ ಮೇಲೆ ಭಾರ ಬೀಳುತ್ತದೆ. ನಾನು ಅಂದು ಮಿತಿಯ ಮೇಲೆ ಇನ್ನೂ ಒಂದು ಸುತ್ತು ತಿರುಗಿಸಿದೆ. ಬೆರಳಿನಿಂದ ಮೀಟಿದರೆ ಬ್ಲೇಡು ತಂತಿಯಂತೆ ಕೂಗಿತು. ಬೆಳಗಿನ ಹತ್ತು ಗಂಟೆಗೇ ಮೋಡ ಮುಚ್ಚಿತ್ತು, ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಕೃಷ್ಣಪ್ಪಣ್ಣ ಮತ್ತು ಅವರ ಬಾಗಿಲು ಮಾಡುವ ಆಚಾರಿ ಬಂದು ಒಂದು ಬದಿಯಲ್ಲಿ ನಿಂತಿದ್ದರು. ಶೆಟ್ರು ಆಫೀಸಿನಿಂದ ಎದ್ದು ಬಂದಿದ್ದರು. ಕಾಕ ಯಂತ್ರದ ಎದುರು ನಿಂತು ನನ್ನ ಮುಖ ನೋಡಿದರು.

‘ಆಯ್ತಾ?’

‘ಆಯ್ತು.’

ಅವರು ಸ್ವಿಚ್ಚಿಗೆ ಕೈ ಹಾಕಲಿಲ್ಲ. ನನ್ನನ್ನೇ ನೋಡುತ್ತಿದ್ದರು.

‘ಸದಾಶಿವ, ಆಯ್ತಾ?’

ಶೆಟ್ರ ಎದುರು ನನಗೆ ಅವಮಾನವಾದ ಹಾಗಾಯಿತು. ‘ಆಯ್ತು ಅಂದೆನಲ್ಲ! ಕಿವಿಗೆ ಸ್ವಲ್ಪ ಎಣ್ಣೆ ಬಿಡಿ ಕಾಕ’ ಎಂದೆ. ನಾಲ್ಕು ಜನ ನಕ್ಕರು. ಕಾಕನೂ ನಕ್ಕು ಸ್ವಿಚ್ಚು ಒತ್ತಿದರು.

ಕೊಯ್ತ ನೇರ ಹೋಗುತ್ತಿತ್ತು. ಅಷ್ಟು ನೇರದ ಕೊಯ್ತವನ್ನು ನಾನು ಆ ಮಿಲ್ಲಿನಲ್ಲಿ ಕಂಡಿರಲಿಲ್ಲ. ಗೆರೆಯ ಮೇಲೆಯೇ ಬ್ಲೇಡು, ಸಣ್ಣ ಹಳದಿ ಹುಡಿ ಒಂದೇ ಸಮನೆ ಸುರಿಯುತ್ತಿತ್ತು. ಆಚಾರಿ ತಲೆದೂಗಿದ. ಶೆಟ್ರು ನನ್ನ ಕಡೆ ತಿರುಗಿ ಹುಬ್ಬು ಏರಿಸಿದರು. ನನ್ನ ಎದೆ ಉಬ್ಬಿತು. ಆಗ ಬಂತು ಆ ಟಿಕ್. ಟಿಕ್, ಟಿಕ್, ಟಿಕ್. ಎಲ್ಲೋ ಒಂದು ಹಲ್ಲು ಹಾರಿದೆ, ಬುಡ ಸೀಳಿದೆ. ಕೈ ಎತ್ತಿ ಕಿರುಚಲಿಕ್ಕೆ ನನಗೆ ಸಮಯ ಇತ್ತು. ಎಷ್ಟು ಎಂದರೆ, ಒಂದು ಉಸಿರು ಎಳೆದು ಬಿಡುವಷ್ಟು. ಇನ್ನು ಎರಡೇ ಅಡಿ, ದಾಟಿಬಿಡುತ್ತದೆ ಎಂದುಕೊಂಡೆ.

ಬ್ಲೇಡು ತುಂಡಾದ ಸದ್ದು ದೊಡ್ಡದಲ್ಲ. ಹಾವಿನಂತೆ ಹೊರಗೆ ಹಾರಿ ನೆಲಕ್ಕೆ ಬಡಿದು ಸುತ್ತಿಕೊಂಡಿತು. ಎಲ್ಲರೂ ಹಿಂದಕ್ಕೆ ಹಾರಿದ್ದರು. ಕಾಕ ಮಾತ್ರ ನಿಂತಲ್ಲೇ ನಿಂತು ತನ್ನ ಬಲಗೈಯನ್ನು ನೋಡಿಕೊಳ್ಳುತ್ತಿದ್ದರು. ಮುಖದಲ್ಲಿ ನೋವು ಇನ್ನೂ ಬಂದಿರಲಿಲ್ಲ. ಹಳದಿ ಹುಡಿಯ ಮೇಲೆ ರಕ್ತ ಬೀಳುತ್ತಿತ್ತು. ಬಾಬು ತನ್ನ ತಲೆಯ ಮುಂಡಾಸು ಬಿಚ್ಚಿ ಕೈಗೆ ಸುತ್ತಿದ, ಶೆಟ್ರು ಕಾರು ತಂದರು. ಮೂರು ಬೆರಳು ಹೋಗಿತ್ತು.

ಮಧ್ಯಾಹ್ನದ ಮೇಲೆ ದಿಮ್ಮಿಯನ್ನು ಬಾಚಿಯಿಂದ ಕೆತ್ತಿ ನೋಡಿದೆವು. ಒಂದಲ್ಲ, ಐದು ಮೊಳೆ. ಕಮ್ಮಾರ ಬಡಿದು ಮಾಡಿದ ಚೌಕದ ಮೊಳೆಗಳು, ಗೇಣಿನ ಆಳದಲ್ಲಿ ಮರ ಅವನ್ನು ನುಂಗಿ ಬೆಳೆದಿತ್ತು. ಮರದ ಸುತ್ತ ಉಂಗುರದಂತೆ ಹೊಡೆದದ್ದು. ಕೃಷ್ಣಪ್ಪಣ್ಣ ಅಲ್ಲಿಯೇ ಕುಸಿದು ಕೂತರು.

‘ಅವಳನ್ನು ಎಬ್ಬಿಸಿ ಬೇರೆ ಕಡೆ ಕಳಿಸಿ ಆಯ್ತಲ್ಲ ಶೆಟ್ರೇ, ಹೋಮ ಮಾಡಿಸಿ, ಎಲ್ಲ ಬಿಡಿಸಿ ಆಯ್ತಲ್ಲ. ಮೊಳೆಯ ಸಂಗತಿ ನನ್ನ ತಲೆಗೇ ಬರ್ಲಿಲ್ಲ’ ಎಂದು ಅಳುತ್ತಿದ್ದರು. ಅವರು ಸುಳ್ಳು ಹೇಳಿದ್ದಲ್ಲ. ಪ್ರೇತ ಹೋದ ಮೇಲೆ ಅದನ್ನು ಹಿಡಿದ ಮೊಳೆಯೂ ಹೋಯಿತು ಎಂದೇ ಅವರ ಮನಸ್ಸಿನಲ್ಲಿ. ಕಬ್ಬಿಣವನ್ನು ಯಾವ ಹೋಮವೂ ಬಿಡಿಸುವುದಿಲ್ಲ.

ಊರೆಲ್ಲ ಒಂದೇ ಮಾತು, ಅವಳು ರಕ್ತ ತೆಗೆದುಕೊಂಡೇ ಹೋದಳು. ಶೆಟ್ರು ಮಿಲ್ಲಿಗೆ ಶುದ್ಧ ಮಾಡಿಸಿದರು. ನನ್ನ ಬ್ಲೇಡಿನ ಬಗ್ಗೆ ಒಬ್ಬನೂ ಒಂದು ಶಬ್ದ ಎತ್ತಲಿಲ್ಲ. ‘ಪಾಪ ಸದಾಶಿವನದ್ದು ಏನು ತಪ್ಪು, ಎಷ್ಟು ನೇರ ಹೋಗುತ್ತಿತ್ತು’ ಎಂದೇ ಎಲ್ಲರೂ. ಭೂತ ಪ್ರೇತ ನಂಬದ ನಾನು ಆ ಹೆಂಗಸಿನ ಸೆರಗಿನ ಹಿಂದೆ ಅಡಗಿ ನಿಂತೆ. ಮೂರನೇ ದಿನ ಹೋಟೆಲಿನವರ ಸೌದೆಯ ಪಿಕಪ್ಪು ಬಂದಾಗ ಕಲೆಯಿದ್ದ ಆ ಸಿಪ್ಪೆಯನ್ನು ನಾನೇ ಎತ್ತಿ ಮೊದಲು ಹಾಕಿದೆ. ಪತ್ತನಾಜೆಗೆ ನಾಲ್ಕು ದಿನ ಮೊದಲು ಮಳೆ ಹಿಡಿಯಿತು, ಆ ಮಳೆಗಾಲದಲ್ಲೇ ನಾನು ಮಿಲ್ಲು ಬಿಟ್ಟೆ.

ಆಸ್ಪತ್ರೆಗೆ ಒಂದು ಸಲ ಹೋಗಿದ್ದೆ, ಅಷ್ಟೇ. ಕಾಕ ಊರಿಗೆ ಮರಳಿದ ಮೇಲೆ ವಿಟ್ಲದ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದೆ. ತೋಡಾರಿನಲ್ಲಿ ಆ ಟಿಕ್ ಕೇಳಿದ ಮೇಲೆ ಮಾತ್ರ ಇನ್ನು ತಡೆಯಲಾಗಲಿಲ್ಲ. ಮೊನ್ನೆ ಆದಿತ್ಯವಾರ ವಿಟ್ಲಕ್ಕೆ ಹೋದೆ.

ಕಾಕ ಅಳಿಯನ ಜೀನಸಿನ ಅಂಗಡಿಯಲ್ಲಿ ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಬಲಗೈಯಲ್ಲಿ ಉಳಿದ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಕೊತ್ತಂಬರಿಯ ಪೊಟ್ಟಣಕ್ಕೆ ನೂಲು ಸುತ್ತುತ್ತಿದ್ದರು. ನನ್ನನ್ನು ಕಂಡು ಎರಡೂ ಕೈ ಚಾಚಿದರು.

‘ಏಳು ಉಂಟು ಮಾರಾಯ. ಬಾ, ಕೂರು.’

ಕೂತೆ. ಮನೆಯ ಸುದ್ದಿ, ಬಾಬುವಿನ ಸುದ್ದಿ, ಶೆಟ್ರು ಮಿಲ್ಲು ಮಾರಿದ ಸುದ್ದಿ ಎಲ್ಲ ಆಯಿತು. ಚಹಾ ಬಂತು. ಕೊನೆಗೆ ನಾನು ನೆಲ ನೋಡಿಕೊಂಡು ಹೇಳಿದೆ. ಹಿಂದಿನ ಸಂಜೆಯೇ ಕಲೆ ನೋಡಿದ್ದು, ಕಬ್ಬಿಣ ಎಂದು ಗೊತ್ತಾದದ್ದು, ಸಿಪ್ಪೆಯನ್ನು ಅಡಿಮೇಲು ಹಾಕಿದ್ದು, ಬಿಗಿ ಮೀರಿಸಿದ್ದು, ಟಿಕ್ ಕೇಳಿಯೂ ಕೈ ಎತ್ತದೆ ನಿಂತದ್ದು, ಆಮೇಲೆ ಆ ಸಿಪ್ಪೆಯನ್ನು ಒಲೆಗೆ ಕಳಿಸಿದ್ದು. ಒಂದನ್ನೂ ಬಿಡಲಿಲ್ಲ.

ಕಾಕ ನೂಲು ಸುತ್ತುವುದನ್ನು ನಿಲ್ಲಿಸಲಿಲ್ಲ. ಗಂಟು ಹಾಕಿ, ಹಲ್ಲಿನಿಂದ ನೂಲು ಕಡಿದು, ಪೊಟ್ಟಣವನ್ನು ಬದಿಗಿಟ್ಟರು.

‘ಅದು ನಾನೂ ನೋಡಿದ್ದೆ. ನಿನಗಿಂತ ಮೊದಲು. ಮುಖ ತೊಳೀಲಿಕ್ಕೆ ಹೋಗುವಾಗಲೇ.’

ನನಗೆ ಸಿಟ್ಟೇ ಬಂತು. ‘ನೋಡಿಯೂ ಯಾಕೆ ಸುಮ್ಮನೆ ಇದ್ದದ್ದು ಕಾಕ? ಒಂದು ಮಾತು ಹೇಳ್ಬಹುದಿತ್ತಲ್ಲ!’

‘ಬ್ಲೇಡಿನ ಮಾತು ನಿನ್ನದಲ್ವಾ, ನಾನು ಹೇಗೆ ಹೇಳುವುದು? ಶೆಟ್ರು ಬೇರೆ ನಿಂತಿದ್ದರು. ನೀನೇ ಹೇಳ್ತಿ ಅಂತ ಇದ್ದೆ’ ಎಂದರು ಅವರು. ದನಿಯಲ್ಲಿ ದೂರು ಇರಲಿಲ್ಲ. ‘ಮತ್ತೆ ನಾನು ಸುಮ್ಮನೆ ಎಲ್ಲಿ ಇದ್ದೆ ಮಾರಾಯ? ಎರಡು ಸಲ ಕೇಳಿದೆನಲ್ಲ.’

ಹೌದು, ಕೇಳಿದ್ದರು. ಎಂಟು ವರ್ಷದಲ್ಲಿ ಆ ಒಂದು ದಿನ ಎರಡು ಸಲ ಕೇಳಿದ್ದರು, ಎರಡು ಸಲವೂ ನಾನು ಆಯ್ತು ಎಂದಿದ್ದೆ.